ಪಾಲಿಕೆಯ ಹಣ ಸರ್ಕಾರಿ ಶಾಲೆಗೆ ಬರುವ ದಾರಿ: ತುಮಕೂರಿನ ಎಸ್‌ಡಿಎಂಸಿಗಳಿಗೊಂದು ಕೈಪಿಡಿ

ಮನೆಯ ಆಸ್ತಿ ತೆರಿಗೆ ರಸೀದಿಯನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ತೆರಿಗೆಯ ಕೆಳಗೆ ಉಪಕರಗಳ ಸಾಲಿರುತ್ತದೆ: ಆರೋಗ್ಯ ಶೇ 15, ಗ್ರಂಥಾಲಯ ಶೇ 6, ಭಿಕ್ಷುಕರ ಉಪಕರ ಶೇ 3. ಎರಡು ಸಾವಿರ ರೂಪಾಯಿ ತೆರಿಗೆ ಕಟ್ಟುವ ಮನೆಯಿಂದ ಗ್ರಂಥಾಲಯಕ್ಕೇ 120 ರೂಪಾಯಿ ಹೋಗುತ್ತದೆ. ಶಾಲೆಗೆಂದು ಒಂದು ಸಾಲೂ ಇಲ್ಲ. ಹಾಗಾಗಿ ತುಮಕೂರು ಮಹಾನಗರ ಪಾಲಿಕೆ ಸರ್ಕಾರಿ ಶಾಲೆಗೆ ಒಂದು ರೂಪಾಯಿ ಕೊಡಬೇಕಾದರೂ ಅದನ್ನು ಬೇರೆ ಯಾವುದೋ ಲೆಕ್ಕ ಶೀರ್ಷಿಕೆಯಿಂದ ತೆಗೆಯಬೇಕು, ತೆಗೆದದ್ದಕ್ಕೆ ಆಡಿಟ್‌ನಲ್ಲಿ ಕಾರಣ ಹೇಳಬೇಕು. ಅರ್ಜಿ ಕೊಟ್ಟು ವರ್ಷಗಟ್ಟಲೆ ಕಾಯುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿ, ಅಂದರೆ ಎಸ್‌ಡಿಎಂಸಿಗಳಲ್ಲಿ ಹೆಚ್ಚಿನವು ಎಡವುವುದು ಇಲ್ಲೇ. ಪಾಲಿಕೆ ಕೊಡಲಾಗದ್ದನ್ನು ಕೇಳುತ್ತಾರೆ. ಕೊಡಬಹುದಾದದ್ದನ್ನು ಕೇಳುವುದೇ ಇಲ್ಲ.

ಯಾವ ಖರ್ಚು ಯಾರದು

ಸಂವಿಧಾನದ 11ನೇ ಅನುಸೂಚಿಯಲ್ಲಿ, ಅಂದರೆ ಪಂಚಾಯತಿಗಳಿಗೆ ಕೊಟ್ಟ ಪಟ್ಟಿಯಲ್ಲಿ, ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಸಮೇತ ಶಿಕ್ಷಣ ಎಂದು ಸ್ಪಷ್ಟವಾಗಿ ಬರೆದಿದೆ. ನಗರ ಸ್ಥಳೀಯ ಸಂಸ್ಥೆಗಳ 12ನೇ ಅನುಸೂಚಿಯ 18 ವಿಷಯಗಳಲ್ಲಿ ಶಾಲೆಯ ಹೆಸರಿಲ್ಲ. ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಕಲಾತ್ಮಕ ಅಂಶಗಳಿಗೆ ಉತ್ತೇಜನ ಎಂಬ ಒಂದು ಸಾಲು ಮಾತ್ರ ಇದೆ. ಬೆಂಗಳೂರಿನ ಪಾಲಿಕೆ ತನ್ನದೇ ಶಾಲೆಗಳನ್ನು ನಡೆಸಿಕೊಂಡು ಬಂದಿದೆ ಎಂದು ನಮ್ಮಲ್ಲೂ ಹಾಗೇ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ನಗರಗಳ ಸರ್ಕಾರಿ ಶಾಲೆಗಳು ಬಹುತೇಕ ಶಾಲಾ ಶಿಕ್ಷಣ ಇಲಾಖೆಯವು.

ಶಿಕ್ಷಕರ ಸಂಬಳ ರಾಜ್ಯದ ಖಜಾನೆಯಿಂದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮೂಲಕ ಬರುತ್ತದೆ. ಅದರಲ್ಲಿ ಪಾಲಿಕೆಗೆ ಯಾವ ಮಾತೂ ಇಲ್ಲ. ಶಿಕ್ಷಕರ ಕೊರತೆಯ ಬಗ್ಗೆ ಕಾರ್ಪೊರೇಟರ್‌ಗೆ ಮನವಿ ಕೊಟ್ಟರೆ ಅವರು ಅದನ್ನು ಬಿಇಒಗೆ ಕಳಿಸಬಹುದು, ಅಷ್ಟೇ. ಬಿಸಿಯೂಟದ ವೆಚ್ಚ ಕೇಂದ್ರ ಮತ್ತು ರಾಜ್ಯದ ನಡುವೆ 60:40. ಸಮಗ್ರ ಶಿಕ್ಷಣ ಯೋಜನೆಯ ಅನುದಾನವೂ ಅದೇ ಅನುಪಾತ. ಹೊಸ ತರಗತಿ ಕೋಣೆ ಕೇಳುವುದು ಇಲಾಖೆಯನ್ನು ಅಥವಾ ಶಾಸಕರನ್ನು. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. ಎರಡಕ್ಕೂ ಮಂಜೂರಾತಿ ಜಿಲ್ಲಾಧಿಕಾರಿ ಕಚೇರಿಯಿಂದ.

ಶಾಲೆಯ ಸಣ್ಣಪುಟ್ಟ ಖರ್ಚಿಗೆ ಸಮಗ್ರ ಶಿಕ್ಷಣದ ಸಂಯುಕ್ತ ಶಾಲಾ ಅನುದಾನವಿದೆ. ದಾಖಲಾತಿಯ ಮೇಲೆ ಅದರ ಮೊತ್ತ ನಿಂತಿದೆ: 30 ಮಕ್ಕಳವರೆಗೆ 10,000, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಮೇಲಿದ್ದರೆ 1 ಲಕ್ಷ. ಇದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಹೋಗಬೇಕು. 180 ಮಕ್ಕಳ ಶಾಲೆಗೆ ಬರುವುದು 50 ಸಾವಿರ, ಸ್ವಚ್ಛತೆಗೆ ಮೀಸಲು 5 ಸಾವಿರ. ಸೀಮೆಸುಣ್ಣ, ಬಲ್ಬು, ಮುರಿದ ನಲ್ಲಿ, ಫಿನಾಯಿಲ್ ಎಲ್ಲ ಇಲ್ಲಿಂದಲೇ. ಇದಕ್ಕಾಗಿ ಪಾಲಿಕೆಯ ಮೆಟ್ಟಿಲು ಹತ್ತಬೇಡಿ, ದೊಡ್ಡ ಬೇಡಿಕೆಯ ತೂಕ ಕಡಿಮೆಯಾಗುತ್ತದೆ. ಈ ಹಣ ಈಗ ಶಾಲೆಯ ಖಾತೆಯಲ್ಲಿ ಬಂದು ಕೂರುವುದಿಲ್ಲ. ಖರ್ಚಿನ ಮಿತಿ ಮಾತ್ರ ಬರುತ್ತದೆ, ಮಾರ್ಚ್ 31ರೊಳಗೆ ಬಳಸದಿದ್ದರೆ ಮಿತಿ ವಾಪಸ್. ಮುಖ್ಯಶಿಕ್ಷಕರು ವರ್ಗವಾಗಿ ಸಹಿ ಬದಲಾವಣೆ ಆಗದೆ ಉಳಿದ ಶಾಲೆಗಳು ಹೀಗೇ ಇಡೀ ವರ್ಷದ ಅನುದಾನ ಕಳೆದುಕೊಳ್ಳುತ್ತವೆ. ಹೊಸ ಮುಖ್ಯಶಿಕ್ಷಕರು ಬಂದ ವಾರದಲ್ಲೇ ಬ್ಯಾಂಕಿನ ಕೆಲಸ ಮುಗಿಸಿ. ಕರೆಂಟ್ ಬಿಲ್ಲಿನ ವಿಷಯವೂ ನೆನಪಿರಲಿ: ಸರ್ಕಾರಿ ಶಾಲೆಗಳಿಗೆ ವಿದ್ಯುತ್ ಮತ್ತು ನೀರು ಉಚಿತವೆಂದು 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿ ಘೋಷಿಸಿದ್ದಾರೆ. ಬೆಸ್ಕಾಂ ಬಿಲ್ಲನ್ನು ಇನ್ನೂ ಶಾಲಾ ಅನುದಾನದಿಂದ ಕಟ್ಟುತ್ತಿದ್ದರೆ ಬಿಇಒ ಕಚೇರಿಯಲ್ಲಿ ವಿಚಾರಿಸಿ.

ಪಾಲಿಕೆಯಿಂದ ಕೇಳಬೇಕಾದದ್ದು

ನೀರು, ಒಳಚರಂಡಿ, ನೈರ್ಮಲ್ಯ, ರಸ್ತೆ, ಬೀದಿದೀಪ, ಕಸ. ಇವು ಪಾಲಿಕೆಯ ಸ್ವಂತ ಕರ್ತವ್ಯಗಳು. ಶಾಲೆಯ ಗೇಟಿನ ಮುಂದಿನ ಚರಂಡಿಗೆ ಚಪ್ಪಡಿ, ಗೇಟಿನೆದುರು ರಸ್ತೆ ಉಬ್ಬು, ಪಾದಚಾರಿ ದಾರಿ, ಶಾಲೆಗೆ ಯುಜಿಡಿ (ನೆಲದಡಿಯ ಒಳಚರಂಡಿ) ಸಂಪರ್ಕ, ನಲ್ಲಿ ಸಂಪರ್ಕ, ಕಸದ ಗಾಡಿ ನಿಲ್ಲುವ ಸಮಯ — ಇವಕ್ಕೆ ಹಣ ಹುಡುಕುವ ಪ್ರಶ್ನೆಯೇ ಕಡಿಮೆ, ಆಡಿಟ್ ಆಕ್ಷೇಪಣೆ ಬರುವ ಭಯವೂ ಇಲ್ಲ. ಶೌಚಾಲಯ ಮತ್ತು ಕುಡಿಯುವ ನೀರಿನ ಘಟಕ ಗಡಿಯಲ್ಲಿ ನಿಂತಿರುವ ಕಾಮಗಾರಿಗಳು. ಅವು ಶಾಲೆಯ ಆವರಣದೊಳಗಿದ್ದರೂ ನೈರ್ಮಲ್ಯ, ಕುಡಿಯುವ ನೀರು ಎಂಬ ಶೀರ್ಷಿಕೆಗೆ ಹೊಂದುತ್ತವೆ. 2021–26ರ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನಮ್ಮಂಥ ನಗರಗಳಿಗೆ ಶೇ 60 ಭಾಗ ನಿರ್ಬಂಧಿತ: ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ಮಾತ್ರ ಮುಕ್ತ. ಆಯೋಗ ಬದಲಾದಂತೆ ಈ ಪಾಲು ಬದಲಾಗುತ್ತದೆ, ಆದ್ದರಿಂದ ಮನವಿ ಬರೆಯುವ ಮುನ್ನ ಪಾಲಿಕೆಯ ಲೆಕ್ಕಪತ್ರ ಶಾಖೆಯಲ್ಲಿ ಈ ಸಾಲಿನ ಹಂಚಿಕೆ ಯಾವುದೆಂದು ಕೇಳಿಕೊಳ್ಳಿ.

ಇದರಿಂದಲೇ ಮನವಿಯ ವಿಷಯ ಸಾಲಿಗೆ ಅಷ್ಟೊಂದು ಬೆಲೆ. “ಶಾಲಾ ಅಭಿವೃದ್ಧಿಗೆ ಅನುದಾನ ಕೋರಿ” ಎಂದು ಬರೆದ ಪತ್ರ ಯಾವ ಶಾಖೆಗೂ ಸೇರದೆ ತಪಾಲಿನಲ್ಲೇ ಸುತ್ತುತ್ತದೆ. “ಬಾಲಕಿಯರ ಶೌಚಾಲಯಕ್ಕೆ ಒಳಚರಂಡಿ ಸಂಪರ್ಕ ಹಾಗೂ ದುರಸ್ತಿ ಕುರಿತು” ಎಂದು ಬರೆದರೆ ಅದು ನೇರ ಎಂಜಿನಿಯರಿಂಗ್ ವಿಭಾಗಕ್ಕೆ ಹೋಗುತ್ತದೆ, ಯಾರ ಮೇಜಿನ ಮೇಲಿದೆ ಎಂದು ಹಿಡಿಯಬಹುದು.

ಮೀಸಲು ನಿಧಿಗಳ ಬಗ್ಗೆ ಒಂದು ಎಚ್ಚರಿಕೆ. ನಗರ ಸ್ಥಳೀಯ ಸಂಸ್ಥೆಗಳು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರ ಬಡವರ್ಗದವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ತೆಗೆದಿಡಬೇಕು. ಈ ಹಣ ಆ ಸಮುದಾಯಗಳದ್ದು. ಶಾಲೆಯ ಬಣ್ಣಕ್ಕೋ ಕಾಂಪೌಂಡಿಗೋ ಅದನ್ನು ಕೇಳುವುದು ತಪ್ಪು, ಮಂಜೂರಾದರೂ ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬೀಳುತ್ತದೆ. ನಿಮ್ಮ ಶಾಲೆಯಲ್ಲಿ ಶ್ರವಣ ಸಾಧನ, ಗಾಲಿಕುರ್ಚಿ ಬೇಕಾದ ಮಗು ಇದ್ದರೆ ಮಾತ್ರ ಶೇ 5ರ ನಿಧಿಗೆ ಆ ಮಗುವಿನ ಹೆಸರಿನಲ್ಲೇ ಅರ್ಜಿ ಹಾಕಿಸಿ. ಪ.ಜಾ., ಪ.ಪಂ. ವಿದ್ಯಾರ್ಥಿಗಳ ಸಹಾಯಧನಕ್ಕೆ ಪಾಲಿಕೆ ಅರ್ಜಿ ಕರೆದಾಗ ಕೊನೆಯ ದಿನಾಂಕವನ್ನು ಶಾಲೆಯ ಸೂಚನಾ ಫಲಕದಲ್ಲಿ ಹಾಕಿ. ಬಹಳ ಮನೆಗಳಿಗೆ ಆ ಸುದ್ದಿಯೇ ತಲುಪುವುದಿಲ್ಲ.

ಇನ್ನು ಕ್ಯಾತ್ಸಂದ್ರ, ಮರಳೂರಿನ ಆಚೆಯ ಅಂಚಿನ ಶಾಲೆಗಳು ಮೊದಲು ತಮ್ಮ ಆವರಣ ಪಾಲಿಕೆಯ ವ್ಯಾಪ್ತಿಯೊಳಗಿದೆಯೇ ಎಂದು ಖಾತರಿ ಮಾಡಿಕೊಳ್ಳಬೇಕು. ಗ್ರಾಮ ಪಂಚಾಯತಿ ವ್ಯಾಪ್ತಿಯಾದರೆ ಮಾತಾಡಬೇಕಾದವರು ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ), ಈ ಕೈಪಿಡಿಯ ಮುಂದಿನ ಭಾಗ ನಿಮಗೆ ಅನ್ವಯಿಸುವುದಿಲ್ಲ.

ಮೊದಲು ಯು-ಡೈಸ್ ಸರಿಪಡಿಸಿ

ಅರ್ಜಿ ಬರೆಯುವ ಮುನ್ನ ಮುಖ್ಯಶಿಕ್ಷಕರ ಬಳಿ ಕೂತು ಯು-ಡೈಸ್ ಪ್ಲಸ್ ನಮೂನೆ, ಅಂದರೆ ಶಾಲೆಯ ಅಂಕಿಅಂಶ ತುಂಬುವ ಸರ್ಕಾರಿ ನಮೂನೆ ತೆಗೆಸಿ. ಶಾಲೆಯ 11 ಅಂಕಿಯ ಸಂಕೇತ 29ರಿಂದ ಶುರುವಾಗುತ್ತದೆ, ಅದರಡಿ ಕಟ್ಟಡದ ಪುಟವಿದೆ. ಅಲ್ಲಿ ಶೌಚಾಲಯಕ್ಕೆ ಎರಡು ಅಂಕಣ: ಒಟ್ಟು ಎಷ್ಟು, ಬಳಕೆಯಲ್ಲಿರುವುದು ಎಷ್ಟು. ಒಟ್ಟು 4 ಇದ್ದು ಎರಡರ ಬಾಗಿಲು ಕಿತ್ತು ಬೀಗ ಹಾಕಿದ್ದರೂ, ಬಳಕೆಯಲ್ಲಿರುವುದೂ 4 ಎಂದೇ ತುಂಬಿರುವುದು ಸಾಮಾನ್ಯ. ಕಡಿಮೆ ತೋರಿಸಿದರೆ ಮೇಲಿನವರು ಪ್ರಶ್ನಿಸುತ್ತಾರೆ ಎಂಬ ಅಂಜಿಕೆ. ಆದರೆ ನಿಮ್ಮ ಅರ್ಜಿ ಬಂದಾಗ ಇಲಾಖೆಯಾಗಲಿ ಪಾಲಿಕೆಯಾಗಲಿ ತೆರೆದು ನೋಡುವುದು ಈ ಅಂಕಿಯನ್ನೇ. ನಾಲ್ಕೂ ಬಳಕೆಯಲ್ಲಿದ್ದರೆ ದುರಸ್ತಿ ಯಾತಕ್ಕೆ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಕೋಣೆಗಳ ಸ್ಥಿತಿಯ ಅಂಕಣವೂ ಹಾಗೇ: ಸುಸ್ಥಿತಿ, ಸಣ್ಣ ದುರಸ್ತಿ, ದೊಡ್ಡ ದುರಸ್ತಿ. ಇದ್ದದ್ದನ್ನು ಇದ್ದಂತೆ ತುಂಬಿಸಿ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ದೃಢೀಕರಿಸಿದ ಪ್ರತಿಯನ್ನು ಕಡತದಲ್ಲಿಡಿ.

ಕಡತದಲ್ಲಿ ಏನೇನಿರಬೇಕು

ಶಾಲಾ ಅಭಿವೃದ್ಧಿ ಯೋಜನೆ ಮೊದಲನೆಯದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಎಸ್‌ಡಿಎಂಸಿ ಮಾಡುವ ಈ ಯೋಜನೆಯೇ ಸರ್ಕಾರ ಅಥವಾ ಸ್ಥಳೀಯ ಪ್ರಾಧಿಕಾರ ಕೊಡುವ ಅನುದಾನಕ್ಕೆ ಆಧಾರವಾಗಬೇಕು. ಕಾಯ್ದೆಯ ಅರ್ಥದಲ್ಲಿ ಮಹಾನಗರ ಪಾಲಿಕೆ, ನಗರಸಭೆಗಳೂ ಸ್ಥಳೀಯ ಪ್ರಾಧಿಕಾರಗಳೇ. ಪಾಲಿಕೆಯಲ್ಲಿ “ಶಾಲೆ ನಮಗೆ ಸಂಬಂಧವಿಲ್ಲ” ಎಂಬ ಮಾತು ಬಂದಾಗ ಈ ಸೆಕ್ಷನ್‌ನ ಸಾಲನ್ನು ಪತ್ರದಲ್ಲೇ ಉಲ್ಲೇಖಿಸಿ. ಯೋಜನೆ ಮೂರು ವರ್ಷದ್ದು, ಒಳಗೆ ವರ್ಷಕ್ಕೊಂದರಂತೆ ಮೂರು ಉಪಯೋಜನೆ. ತರಗತಿವಾರು ದಾಖಲಾತಿ ಅಂದಾಜು, ಬೇಕಾದ ಶಿಕ್ಷಕರು, ಬೇಕಾದ ಕಟ್ಟಡ ಮತ್ತು ಸೌಕರ್ಯ, ಅದಕ್ಕೆ ಬೇಕಾದ ಹೆಚ್ಚುವರಿ ಹಣ ಇವಿಷ್ಟು ಇರಬೇಕು. ಅಧ್ಯಕ್ಷರು ಮತ್ತು ಮುಖ್ಯಶಿಕ್ಷಕರ ಸಹಿಯಿಲ್ಲದ ಯೋಜನೆ ಬರೀ ಕಾಗದ.

ಎರಡನೆಯದು ಎಸ್‌ಡಿಎಂಸಿಯ ಠರಾವು. ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ನಾಲ್ಕನೇ ಮೂರು ಭಾಗ ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು. ಶೌಚಾಲಯದ ವಿಷಯ ಬಂದಾಗ ತಾಯಂದಿರು ಹಾಜರಿರುವ ಸಭೆಯಲ್ಲೇ ಠರಾವು ಮಾಡಿ, ಏನು ಕೆಟ್ಟಿದೆ ಎಂದು ಅವರಷ್ಟು ಕರಾರುವಾಕ್ಕಾಗಿ ಬೇರೆ ಯಾರೂ ಹೇಳುವುದಿಲ್ಲ. ಬರಹ ಹೀಗಿರಲಿ:

“ಶಾಲಾ ಅಭಿವೃದ್ಧಿ ಯೋಜನೆಯ ಕ್ರಮಸಂಖ್ಯೆ 3ರಂತೆ ಬಾಲಕಿಯರ ಶೌಚಾಲಯದ ಮೂರು ಘಟಕಗಳ ದುರಸ್ತಿ, ನೀರಿನ ಸಂಪು ಮತ್ತು ಒಳಚರಂಡಿ ಸಂಪರ್ಕ ಕಾಮಗಾರಿಯನ್ನು ಮಹಾನಗರ ಪಾಲಿಕೆಯ ನಿಧಿಯಿಂದ ಕೈಗೊಳ್ಳುವಂತೆ ಕೋರಲು ಸಭೆ ಸರ್ವಾನುಮತದಿಂದ ತೀರ್ಮಾನಿಸಿತು. ಇದೇ ಕಾಮಗಾರಿಗೆ ಬೇರೆ ಯಾವ ಅನುದಾನವನ್ನೂ ಪಡೆದಿರುವುದಿಲ್ಲ. ಕಾಮಗಾರಿ ಮುಗಿದ ಮೇಲೆ ದಿನನಿತ್ಯದ ನಿರ್ವಹಣೆಯನ್ನು ಸಮಿತಿ ವಹಿಸಿಕೊಳ್ಳುತ್ತದೆ.”

ಕೊನೆಯ ಎರಡು ವಾಕ್ಯಗಳನ್ನು ಬಿಡಬೇಡಿ. ಒಂದೇ ಶೌಚಾಲಯಕ್ಕೆ ಶಾಸಕರ ನಿಧಿಯಿಂದಲೂ ಪಾಲಿಕೆಯಿಂದಲೂ ಬಿಲ್ಲಾಗುವುದು ಅಧಿಕಾರಿಗಳಿಗೆ ಇರುವ ದೊಡ್ಡ ಭಯ. ಅದು ಇಲ್ಲವೆಂದು ನೀವೇ ಬರೆದುಕೊಟ್ಟರೆ ಟಿಪ್ಪಣಿ ಬರೆಯುವ ಗುಮಾಸ್ತರ ಕೈ ನಿಲ್ಲುವುದಿಲ್ಲ.

ಮೂರನೆಯದು ಜಾಗದ ದಾಖಲೆ. ಹಳೆಯ ಶಾಲೆಗಳಲ್ಲಿ ಇದೇ ಗಂಟು. ದಾನಿಗಳು ಬಾಯಿಮಾತಿನಲ್ಲಿ ಕೊಟ್ಟ ಜಾಗ, ಗೋಮಾಳದಲ್ಲಿ ಎದ್ದ ಕಟ್ಟಡ, ದೇವಸ್ಥಾನದ ಆವರಣ ಹೀಗೆ ನಾನಾ ಬಗೆ. ಶಾಲೆಯ ಹೆಸರಿಗೆ ಆಸ್ತಿಯ ಖಾತೆಯಿಲ್ಲದಿದ್ದರೆ ಪಾಲಿಕೆಯ ನಿಧಿಯೂ ಬರುವುದಿಲ್ಲ, ವಸಂತನರಸಾಪುರದ ಕಾರ್ಖಾನೆಗಳ ಸಿಎಸ್ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣವೂ ಬರುವುದಿಲ್ಲ. ಖಾತೆ ಮಾಡಿಕೊಡುವುದು ಪಾಲಿಕೆಯದೇ ಕೆಲಸ, ಅದಕ್ಕೆ ಬಜೆಟ್ ಬೇಕಿಲ್ಲ. ಕಾಮಗಾರಿ ಕೇಳುವ ವರ್ಷಕ್ಕೂ ಒಂದು ವರ್ಷ ಮುಂಚೆಯೇ ಇ-ಖಾತೆಗೆ ಅರ್ಜಿ ಹಾಕಿ, ಭೂಮಾಪಕರಿಂದ ಹದ್ದುಬಸ್ತು ಮಾಡಿಸಿ. ಬಾಡಿಗೆ ಕಟ್ಟಡದ ಶಾಲೆಯಾದರೆ ಕಟ್ಟಡದೊಳಗಿನ ಕಾಮಗಾರಿಯ ಆಸೆ ಬಿಟ್ಟು ರಸ್ತೆ, ಚರಂಡಿ, ನೀರಿನ ಬೇಡಿಕೆ ಮಾತ್ರ ಇಡಿ.

ನಾಲ್ಕನೆಯದು ಇಲಾಖೆಯ ನಿರಾಕ್ಷೇಪಣಾ ಪತ್ರ. ಪಾಲಿಕೆ ಬೇರೆ ಇಲಾಖೆಯ ಆಸ್ತಿಯ ಮೇಲೆ ಖರ್ಚು ಮಾಡುವಾಗ ಆಸ್ತಿಯ ಒಡೆಯರ ಒಪ್ಪಿಗೆ ಬೇಕು. ಬಿಇಒ ಮೂಲಕ ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಕಚೇರಿಯಿಂದ ತರಿಸಿ. ತುಮಕೂರು ಜಿಲ್ಲೆಯಲ್ಲಿ ತುಮಕೂರು, ಮಧುಗಿರಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ನಗರದ ಶಾಲೆಗಳಿಗೆ ತುಮಕೂರಿನ ಡಿಡಿಪಿಐ. ಪಿಯು ಕಾಲೇಜಿನ ಆವರಣದಲ್ಲೇ ಪ್ರೌಢಶಾಲೆ ಇದ್ದರೆ ಯಾವ ಕಟ್ಟಡ ಯಾರ ಹೆಸರಿನಲ್ಲಿದೆ ಎಂದು ನೋಡಿಕೊಂಡು ಆ ಕಡೆಯವರ ಪತ್ರವನ್ನೂ ಸೇರಿಸಿ.

ಅಂದಾಜು ಪಟ್ಟಿ: ಇಲ್ಲಿ ತಪ್ಪಿದರೆ ಕೊನೆಯವರೆಗೂ ತಪ್ಪು

ಪಾಲಿಕೆಯ ವಾರ್ಡ್ ಜೆಇ (ಕಿರಿಯ ಎಂಜಿನಿಯರ್) ಸ್ಥಳಕ್ಕೆ ಬಂದು ಅಳೆದು, ಲೋಕೋಪಯೋಗಿ ದರಪಟ್ಟಿಯಂತೆ ಅಂದಾಜು ಮಾಡುತ್ತಾರೆ. ಅವರು ಬರುವ ದಿನ ಶಾಲೆಯ ಪರವಾಗಿ ಎಲ್ಲ ಗೊತ್ತಿರುವ ಒಬ್ಬರು ಪಕ್ಕದಲ್ಲಿ ನಿಲ್ಲಬೇಕು. ಜೆಇ ಕಣ್ಣಿಗೆ ಬೀಳುವುದು ಗೋಡೆ, ಟೈಲ್ಸ್, ಬಾಗಿಲು. ಹೇಳದಿದ್ದರೆ ಬಿಟ್ಟುಹೋಗುವುದು ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ ಎಂಬೆರಡು.

ಲೆಕ್ಕ ಹೀಗೆ ಹಾಕಿ. ಶಾಲೆಯಲ್ಲಿ 95 ಹುಡುಗಿಯರು, 85 ಹುಡುಗರು ಎಂದಿಟ್ಟುಕೊಳ್ಳೋಣ. ಸ್ವಚ್ಛ ವಿದ್ಯಾಲಯದ ಮಾನದಂಡದಂತೆ 40 ಮಕ್ಕಳಿಗೆ ಒಂದು ಘಟಕ, ಒಂದು ಘಟಕವೆಂದರೆ ಒಂದು ಶೌಚ ಮತ್ತು ಮೂರು ಮೂತ್ರಾಲಯ. ಹುಡುಗಿಯರಿಗೆ ಮೂರು, ಹುಡುಗರಿಗೆ ಮೂರು ಘಟಕ ಬೇಕು. ಹಗಲು ಶಾಲೆಗೆ ಭಾರತೀಯ ಮಾನಕದ ನೀರಿನ ಲೆಕ್ಕ ತಲೆಗೆ ದಿನಕ್ಕೆ 45 ಲೀಟರ್. 180 ಮಕ್ಕಳಿಗೆ 8,100 ಲೀಟರ್ ಆಯಿತು. ತಾರಸಿಯ ಮೇಲೆ ಸಾವಿರ ಲೀಟರಿನ ಒಂದು ಸಿಂಟೆಕ್ಸ್ ಮಾತ್ರ ಇರುವ ಶಾಲೆಯಲ್ಲಿ ಟೈಲ್ಸ್ ಎಷ್ಟು ಹೊಳೆದರೂ ಶೌಚಾಲಯ ಮಧ್ಯಾಹ್ನಕ್ಕೆ ಮುಚ್ಚುತ್ತದೆ. ಬುಗುಡನಹಳ್ಳಿ ಕೆರೆಗೆ ಬಂದ ಹೇಮಾವತಿ ನೀರು ಮನೆಮನೆಗೆ ದಿನ ಬಿಟ್ಟು ದಿನ ಬರುವ ಊರಿನಲ್ಲಿ ಎರಡು ದಿನದ ನೀರು ಹಿಡಿಯುವ ಸಂಪು ಇಲ್ಲದೆ ಶೌಚಾಲಯ ಕಟ್ಟುವುದು ವ್ಯರ್ಥ. ಸಂಪು, ಪಂಪು, ಮೇಲ್ತೊಟ್ಟಿ ಮೂರನ್ನೂ ಒಂದೇ ಅಂದಾಜಿನಲ್ಲಿ ಸೇರಿಸಿ. ಸಂಪನ್ನು ಮುಂದಿನ ವರ್ಷಕ್ಕೆಂದು ಬಿಟ್ಟರೆ ಆ ಮುಂದಿನ ವರ್ಷ ಬರುವುದಿಲ್ಲ.

ಕೊಳಚೆಯ ಕಡೆ: ರಸ್ತೆಯಲ್ಲಿ ಯುಜಿಡಿ ಇದ್ದರೆ ಹತ್ತಿರದ ಮ್ಯಾನ್‌ಹೋಲ್‌ವರೆಗಿನ ದೂರವನ್ನು ಟೇಪಿನಲ್ಲಿ ಅಳೆಸಿ. ಅಷ್ಟುದ್ದದ ಪೈಪು, ಇಳಿಜಾರು, ರಸ್ತೆ ಅಗೆದು ಮತ್ತೆ ಮುಚ್ಚುವ ಖರ್ಚು ಅಂದಾಜಿನಲ್ಲಿ ಕಾಣಿಸಬೇಕು. ರಸ್ತೆ ಮರುನಿರ್ಮಾಣದ ಬಾಬ್ತು ಬಿಟ್ಟುಹೋದರೆ ಗುತ್ತಿಗೆದಾರರು ಪೈಪನ್ನು ತೆರೆದ ಚರಂಡಿಗೆ ಬಿಟ್ಟು ಹೋಗುತ್ತಾರೆ, ಮಳೆಗಾಲದಲ್ಲಿ ಅದು ಗೇಟಿನ ಬಳಿಯೇ ಉಕ್ಕುತ್ತದೆ.

ಸಣ್ಣ ಬಾಬ್ತುಗಳನ್ನು ಬಾಯಿಬಿಟ್ಟು ಕೇಳಿ: ಬಾಗಿಲಿಗೆ ಒಳಚಿಲಕ, ಒಳಗೆ ಬಕೆಟ್ ನೇತುಹಾಕುವ ಕೊಕ್ಕೆ, ಬೆಳಕಿನ ಕಿಂಡಿ, ಪ್ಯಾಡ್ ಹಾಕಲು ಮುಚ್ಚಳವಿರುವ ಡಬ್ಬಿಗೆ ಜಾಗ, ಒಂದನೇ ತರಗತಿಯ ಮಗುವಿನ ಕೈಗೆಟುಕುವ ಎತ್ತರದಲ್ಲಿ ಕೈತೊಳೆಯುವ ನಲ್ಲಿ, ಗಾಲಿಕುರ್ಚಿ ಹತ್ತುವ ಇಳಿಜಾರು. ಒಳಚಿಲಕ ಇಲ್ಲದ ಕಾರಣಕ್ಕೇ ದೊಡ್ಡ ಹುಡುಗಿಯರು ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುತ್ತಾರೆ. ಒಂದು ಚಿಲಕದ ವಿಷಯವೆಂದು ಅದನ್ನು ಹಗುರವಾಗಿ ಬಿಡಬಾರದು.

ಇನ್ನು ದುಡ್ಡಿನ ಮಾತು. “ನಾಲ್ಕು ಲಕ್ಷ ಮಂಜೂರು” ಎಂದರೆ ನಾಲ್ಕು ಲಕ್ಷದ ಕೆಲಸ ಅಲ್ಲ. ಕಾಮಗಾರಿ ಗುತ್ತಿಗೆಗೆ ಜಿಎಸ್‌ಟಿ ಶೇ 18. 4,00,000ವನ್ನು 1.18ರಿಂದ ಭಾಗಿಸಿದರೆ 3,38,983. ತೆರಿಗೆಗೇ 61,017 ಹೋಗುತ್ತದೆ. ಇದರ ಮೇಲೆ ಕಟ್ಟಡ ಕಾರ್ಮಿಕರ ಕಲ್ಯಾಣದ ಶೇ 1 ಉಪಕರ ಗುತ್ತಿಗೆದಾರರ ಬಿಲ್ಲಿನಲ್ಲಿ ಕಡಿತವಾಗುತ್ತದೆ. ಬೇಡಿಕೆ ಇಡುವಾಗಲೇ ತೆರಿಗೆ ಸೇರಿದ ಮೊತ್ತ ಬರೆಯಿರಿ. ತೆರಿಗೆ ಮರೆತ ಅಂದಾಜಿನಲ್ಲಿ ಕೊನೆಗೆ ಕತ್ತರಿ ಬೀಳುವುದು ಸಂಪು, ಚಿಲಕ, ಡಬ್ಬಿಗಳ ಮೇಲೇ.

ಕಡತ ಮೇಲೇರುವ ಬಗೆ

ಪಾಲಿಕೆಯ ಬಜೆಟ್ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು. ತಯಾರಿ ಡಿಸೆಂಬರ್, ಜನವರಿಯಲ್ಲಿ ಶುರುವಾಗುತ್ತದೆ. ಜೂನ್‌ನಲ್ಲಿ ಶಾಲೆ ತೆರೆದಾಗ ಕೊಟ್ಟ ಅರ್ಜಿ ಆ ವರ್ಷದ ಹಣಕ್ಕೆ ತಡವಾಗಿರುತ್ತದೆ, ಮುಂದಿನ ವರ್ಷದ ಹಣಕ್ಕೆ ಮರೆತುಹೋಗಿರುತ್ತದೆ. ಅದಕ್ಕೇ ಕ್ರಮ ಹೀಗಿರಲಿ: ಜುಲೈ, ಆಗಸ್ಟ್‌ನಲ್ಲಿ ಯೋಜನೆ ಮತ್ತು ಠರಾವು, ಸೆಪ್ಟೆಂಬರ್‌ನಲ್ಲಿ ಜೆಇ ಸ್ಥಳ ಪರಿಶೀಲನೆ, ಅಕ್ಟೋಬರ್, ನವೆಂಬರ್‌ನಲ್ಲಿ ನಿರಾಕ್ಷೇಪಣಾ ಪತ್ರ, ನವೆಂಬರ್ ಕೊನೆಗೆ ಪೂರ್ಣ ಕಡತ ಆಯುಕ್ತರ ಹೆಸರಿಗೆ, ಸ್ವೀಕೃತಿ ಮುದ್ರೆಯೊಂದಿಗೆ. ಒಂದು ಪ್ರತಿ ವಾರ್ಡಿನ ಸದಸ್ಯರಿಗೆ, ಇನ್ನೊಂದು ಶಾಸಕರಿಗೆ. ಶಾಸಕರೂ ಸಂಸದರೂ ಪಾಲಿಕೆಯ ಸಭೆಯ ಸದಸ್ಯರೇ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಬಜೆಟ್ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನು ಕರೆಯುತ್ತಾರೆ. ಅಲ್ಲಿ ಮಾತಾಡಲು ಸಿಗುವುದು ಎರಡು ಮೂರು ನಿಮಿಷ. ವಾರ್ಡ್ ಸಂಖ್ಯೆ, ಶಾಲೆಯ ಹೆಸರು, ಮಕ್ಕಳ ಸಂಖ್ಯೆ, ಕಾಮಗಾರಿ, ಮೊತ್ತ, ಕಡತ ಕೊಟ್ಟ ದಿನಾಂಕ ಹೇಳಿ ಕೂತುಬಿಡಿ. ಹತ್ತು ಶಾಲೆಗಳು ಸೇರಿ ಒಂದೇ ಪಟ್ಟಿ ಕೊಟ್ಟರೆ ಇನ್ನೂ ಒಳ್ಳೆಯದು. “ಸರ್ಕಾರಿ ಶಾಲೆಗಳ ಶೌಚಾಲಯ ಮತ್ತು ಕುಡಿಯುವ ನೀರು” ಎಂಬ ಒಂದು ಬಾಬ್ತು ಬಜೆಟ್ಟಿನಲ್ಲಿ ಹುಟ್ಟಿತೆಂದರೆ 35 ವಾರ್ಡ್‌ಗಳಿಗೂ ಅದು ಬಾಗಿಲಾಗುತ್ತದೆ. ಒಂಟಿ ಶಾಲೆಯ ಬೇಡಿಕೆ ಒಬ್ಬ ಸದಸ್ಯರ ಬೇಡಿಕೆಯಾಗಿ ಉಳಿಯುತ್ತದೆ.

ಮಹಾನಗರ ಪಾಲಿಕೆಯಲ್ಲಿ ನಾಲ್ಕು ಸ್ಥಾಯಿ ಸಮಿತಿಗಳು. ಅದರಲ್ಲೊಂದರ ಹೆಸರೇ ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿ. ಶಾಲೆಯ ವಿಷಯಕ್ಕೆ ಕಾನೂನೇ ಕೊಟ್ಟ ಜಾಗ ಅದು. ಈ ಸಮಿತಿಯ ಅಧ್ಯಕ್ಷರ ಮುಂದೆ ವಿಷಯ ಚರ್ಚೆಯಾಗಿ ಶಿಫಾರಸು ಬಂದರೆ, ಬಜೆಟ್ ನೋಡುವ ತೆರಿಗೆ ಮತ್ತು ಹಣಕಾಸು ಸಮಿತಿಯಲ್ಲಿ ಅದಕ್ಕೆ ಬೆನ್ನೆಲುಬು ಇರುತ್ತದೆ. ಆ ಮೇಲೆ ಸಾಮಾನ್ಯ ಸಭೆ. ಕಾರ್ಯಸೂಚಿಯಲ್ಲಿ ಸಂಖ್ಯೆ ಪಡೆದ ವಿಷಯವಾಗಿ ಬಂದರೆ ಠರಾವು ಆಗುತ್ತದೆ. ಕೊನೆಯಲ್ಲಿ “ಅಧ್ಯಕ್ಷರ ಅನುಮತಿಯಿಂದ ಇತರೆ ವಿಷಯ” ಎಂದು ಎತ್ತಿದರೆ ಗದ್ದಲದಲ್ಲಿ ಕರಗಿಹೋಗಬಹುದು. ಸಭೆಗೆ ಕನಿಷ್ಠ ಹದಿನೈದು ದಿನ ಮುಂಚೆ ಕಡತ ಪರಿಷತ್ ಶಾಖೆಯಲ್ಲಿದೆಯೇ ಎಂದು ನೋಡಿಕೊಳ್ಳಿ. ಚುನಾಯಿತ ಮಂಡಳಿ ಇಲ್ಲದೆ ಆಡಳಿತಾಧಿಕಾರಿ ಇರುವ ಅವಧಿಯಲ್ಲಿ ಸಭೆಯ ಅಧಿಕಾರವೆಲ್ಲ ಅವರದೇ. ಆಗ ಕಾರ್ಪೊರೇಟರ್ ಇಲ್ಲವೆಂದು ಸುಮ್ಮನಿರಬೇಡಿ. ನಿರ್ಧಾರ ಮಾಡುವ ಮೇಜು ಒಂದೇ ಆಗಿರುವುದರಿಂದ ಪೂರ್ಣವಾಗಿರುವ ಕಡತಕ್ಕೆ ಆ ಕಾಲ ಅನುಕೂಲವೇ.

ಠರಾವು ಆಯಿತೆಂದು ಸಿಹಿ ಹಂಚುವ ಹೊತ್ತಲ್ಲ ಅದು. ಅದಾದ ಮೇಲೆ ಕ್ರಿಯಾ ಯೋಜನೆಗೆ (ಆ ವರ್ಷ ಕೈಗೊಳ್ಳುವ ಕಾಮಗಾರಿಗಳ ಪಟ್ಟಿಗೆ) ಸೇರ್ಪಡೆ, ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಇಷ್ಟೂ ಬಾಕಿ. ಕ್ರಿಯಾ ಯೋಜನೆಯಲ್ಲಿ ಕ್ರಮಸಂಖ್ಯೆ ಸಿಗದ ಕಾಮಗಾರಿಗೆ ಠರಾವಿದ್ದರೂ ಹಣವಿಲ್ಲ. ಚುನಾವಣಾ ನೀತಿ ಸಂಹಿತೆ ಬಂದರೆ ಕಾರ್ಯಾದೇಶ ಆಗದ ಕಾಮಗಾರಿ ನಿಲ್ಲುತ್ತದೆ, ಶುರುವಾದದ್ದು ನಡೆಯುತ್ತದೆ. ಚುನಾವಣೆ ಹತ್ತಿರವಿರುವ ವರ್ಷ ಕಾರ್ಯಾದೇಶದ ದಿನಾಂಕದ ಹಿಂದೆ ಬೀಳಿ.

ಕೋಲಾರ, ಚಿಕ್ಕಬಳ್ಳಾಪುರದಲ್ಲಿ

ಎರಡೂ ನಗರಸಭೆಗಳು. ಅಲ್ಲಿ ಆಯುಕ್ತರ ಜೊತೆ ನಗರಸಭೆ ಅಧ್ಯಕ್ಷರು, ಒಂದೇ ಸ್ಥಾಯಿ ಸಮಿತಿ. ಶಿಕ್ಷಣಕ್ಕೆ ಪ್ರತ್ಯೇಕ ಸಮಿತಿಯ ಅನುಕೂಲ ಇಲ್ಲ. ಕ್ರಿಯಾ ಯೋಜನೆ ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶದ ಮೂಲಕ ಹೋಗುತ್ತದೆ, ಹಾಗಾಗಿ ಮನವಿಯ ಪ್ರತಿಯನ್ನು ಕೋಶದ ಯೋಜನಾ ನಿರ್ದೇಶಕರಿಗೂ ಕೊಡಿ. ನೀರಿನ ಪರಿಸ್ಥಿತಿಯೂ ಬೇರೆ. ಚಿಕ್ಕಬಳ್ಳಾಪುರಕ್ಕೆ ಜಕ್ಕಲಮಡಗು ಜಲಾಶಯವಿದೆ, ಕೋಲಾರಕ್ಕೆ ಯರಗೋಳ್ ನೀರು ಬಂದಿದೆ. ಆದರೂ ಶಾಲೆಗಳಲ್ಲಿ ಕೊಳವೆಬಾವಿ ನೀರೇ ಕುಡಿಯುತ್ತಿದ್ದರೆ ಫ್ಲೋರೈಡ್ ಪರೀಕ್ಷೆ ಮಾಡಿಸಲೇಬೇಕು. ಕುಡಿಯುವ ನೀರಿನ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 1.5 ಕೊನೆಯ ಮಿತಿ. ಆ ಪರೀಕ್ಷಾ ವರದಿಯನ್ನು ಮನವಿಗೆ ಲಗತ್ತಿಸಿದರೆ ಅದರಷ್ಟು ಬಲವಾದ ಕಾಗದ ಬೇರೊಂದಿಲ್ಲ.

ಶುದ್ಧ ನೀರಿನ ಘಟಕ ಕೇಳುವಾಗ ಯಂತ್ರ ಮಾತ್ರ ಕೇಳಬೇಡಿ. ಪೊರೆ (ಮೆಂಬ್ರೇನ್) ಮತ್ತು ಸೋಸುಕಗಳ (ಫಿಲ್ಟರ್) ಬದಲಾವಣೆ, ಕನಿಷ್ಠ ಮೂರು ವರ್ಷದ ನಿರ್ವಹಣಾ ಒಪ್ಪಂದ ಇವು ಟೆಂಡರಿನಲ್ಲೇ ಇರಬೇಕು. ಇಲ್ಲದಿದ್ದರೆ ಪೊರೆ ಕಟ್ಟಿಕೊಂಡ ದಿನ ಘಟಕ ಮೂಲೆ ಸೇರುತ್ತದೆ, ಮಕ್ಕಳು ಮತ್ತೆ ಅದೇ ಬೋರಿನ ನಲ್ಲಿಗೆ ಹೋಗುತ್ತಾರೆ. ಘಟಕದಿಂದ ಹೊರಬರುವ ಉಳಿಕೆ ನೀರಿನಲ್ಲಿ ಫ್ಲೋರೈಡ್ ಇನ್ನೂ ಗಟ್ಟಿಯಾಗಿರುತ್ತದೆ. ಅದನ್ನು ಶೌಚಾಲಯ ತೊಳೆಯಲು ಬಳಸಿ, ಬಿಸಿಯೂಟದ ಪಾತ್ರೆಗೆ ಮಾತ್ರ ಬಿಡಬೇಡಿ.

ಕೆಲಸ ನಡೆಯುವಾಗ

ದಸರಾ ರಜೆ ಮತ್ತು ಬೇಸಿಗೆ ರಜೆಯಲ್ಲಿ ಕೆಲಸ ನಡೆಯುವಂತೆ ಕಾರ್ಯಾದೇಶಕ್ಕೂ ಮೊದಲೇ ಜೆಇ ಜೊತೆ ಮಾತಾಡಿ. ಅಂದಾಜು ಪಟ್ಟಿಯ ಪ್ರತಿಯೊಂದನ್ನು ಶಾಲೆಯಲ್ಲಿ ಇಟ್ಟುಕೊಳ್ಳಿ. ಕೇಳಿದಾಗ ಸಿಗದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಬಗ್ಗೆ, 150 ಪದದೊಳಗೆ ಇರಬೇಕು. ಇದನ್ನು ಮೀರಿದ ಕಾರಣಕ್ಕೇ ಬಹಳ ಅರ್ಜಿಗಳು ವಾಪಸ್ ಬರುತ್ತವೆ. “ವಾರ್ಡ್ ಸಂಖ್ಯೆ ಇಷ್ಟರ ಇಂಥ ಶಾಲೆಯ ಶೌಚಾಲಯ ಕಾಮಗಾರಿಯ ಠರಾವು, ಅಂದಾಜು ಪಟ್ಟಿ, ಕಾರ್ಯಾದೇಶ ಮತ್ತು ಅಳತೆ ಪುಸ್ತಕದ ಪ್ರತಿ” ಎಂದರೆ ಸಾಕು. 30 ದಿನದಲ್ಲಿ ಉತ್ತರ ಬರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ.

ನೆಲದೊಳಗೆ ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮುನ್ನ ನೋಡಬೇಕು. ಪೈಪ್ ಹಾಕಿದ ದಿನ, ಸಂಪಿನ ತಳಕ್ಕೆ ಕಂಬಿ ಕಟ್ಟಿದ ದಿನ ಪಕ್ಕದಲ್ಲಿ ಅಳತೆ ಟೇಪ್ ಇಟ್ಟು ಫೋಟೊ ತೆಗೆಯಿರಿ. ಸಂಪು ಕಟ್ಟಿದ ಮೇಲೆ ನೀರು ತುಂಬಿಸಿ, ಮಟ್ಟಕ್ಕೆ ಸುಣ್ಣದ ಗೆರೆ ಎಳೆದು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಗೆರೆಯಿಂದ ನೀರು ಇಳಿದಿದ್ದರೆ ಪ್ಲಾಸ್ಟರ್ ಸೋರುತ್ತಿದೆ. ಶೌಚಾಲಯದ ಎಲ್ಲ ನಲ್ಲಿಗಳನ್ನು ಒಟ್ಟಿಗೆ ಬಿಟ್ಟು ಹತ್ತು ಬಕೆಟ್ ನೀರು ಸುರಿಯಿರಿ, ಹೊರಗಿನ ಮ್ಯಾನ್‌ಹೋಲಿನಲ್ಲಿ ಆ ನೀರು ಕಾಣಿಸಬೇಕು.

ಎಸ್‌ಡಿಎಂಸಿಯಿಂದ “ಕೆಲಸ ತೃಪ್ತಿಕರ” ಎಂಬ ಪತ್ರವನ್ನು ಗುತ್ತಿಗೆದಾರರು ಬಿಲ್ಲಿಗೆ ಮೊದಲೇ ಕೇಳುತ್ತಾರೆ, ಅದೂ ಮಾರ್ಚ್ ಕೊನೆಯ ವಾರದಲ್ಲಿ, ಅನುದಾನ ವಾಪಸ್ ಹೋಗುತ್ತದೆ ಎಂಬ ಅವಸರದೊಂದಿಗೆ. ಒತ್ತಡಕ್ಕೆ ಮಣಿದು ಸಹಿ ಹಾಕಿದರೆ ಬಾಕಿ ಕೆಲಸ ಬಾಕಿಯೇ. ಉಳಿದದ್ದನ್ನು ಪಟ್ಟಿ ಮಾಡಿ, “ಈ ಕೆಳಗಿನವನ್ನು ಬಿಟ್ಟು ಉಳಿದ ಕೆಲಸ ಮುಗಿದಿದೆ” ಎಂದು ಬರೆದು ಸಹಿ ಹಾಕಿ. ಜೆಇ ಆ ಭಾಗಕ್ಕೆ ಬಿಲ್ ತಡೆಹಿಡಿಯಬಹುದು. ದೋಷ ಹೊಣೆಗಾರಿಕೆಯ ಅವಧಿ ಎಷ್ಟೆಂದು ಕಾರ್ಯಾದೇಶದಲ್ಲಿ ಓದಿ, ಆ ಕೊನೆಯ ದಿನಾಂಕವನ್ನು ಮುಖ್ಯಶಿಕ್ಷಕರ ಕೋಣೆಯ ಗೋಡೆಯ ಮೇಲೆ ಬರೆಸಿ. ಅಷ್ಟರೊಳಗೆ ಬಿರುಕು, ಸೋರಿಕೆ ಕಂಡರೆ ಗುತ್ತಿಗೆದಾರರೇ ಸರಿಪಡಿಸಬೇಕು. ಅವರ ಠೇವಣಿ ಅಲ್ಲಿಯವರೆಗೆ ಪಾಲಿಕೆಯಲ್ಲೇ ಇರುತ್ತದೆ.

ಕೊನೆಗೆ ಹಸ್ತಾಂತರ ಪತ್ರ, ಶಾಲೆಯ ಆಸ್ತಿ ವಹಿಯಲ್ಲಿ ನಮೂದು, ಯು-ಡೈಸ್‌ನಲ್ಲಿ ಬಳಕೆಯಲ್ಲಿರುವ ಶೌಚಾಲಯಗಳ ಹೊಸ ಸಂಖ್ಯೆ. ಬೀಗದ ಕೀ ಯಾರ ಬಳಿ, ದಿನಕ್ಕೆ ಎಷ್ಟು ಬಾರಿ ತೊಳೆಯಬೇಕು, ತೊಳೆಯುವವರ ಕೂಲಿ ಯಾವ ಬಾಬ್ತಿನಿಂದ ಎಂಬುದನ್ನು ಅದೇ ದಿನದ ಎಸ್‌ಡಿಎಂಸಿ ಸಭೆಯಲ್ಲಿ ಬರೆದುಕೊಳ್ಳಿ. ಹುಡುಗಿಯರ ಕಡೆಯ ಕೀ ಶಾಲಾ ಅವಧಿಯಲ್ಲಿ ಯಾರ ಬಳಿಯೂ ಇರಬಾರದು, ಬಾಗಿಲು ತೆರೆದೇ ಇರಬೇಕು.